ಸುಬ್ಬಲಕ್ಷ್ಮಿಯ ವಾಲ್ವ್ ಟೀವಿ

ನನ್ನ ಅತ್ತೆ ಸುಬ್ಬಲಕ್ಷ್ಮಿ ಹಟ ಹಿಡಿದರೆ ಮುಗಿಯಿತು. ಬಾಗಲಗುಂಟೆಯ ನಮ್ಮ ಮನೆಯ ಹಾಲಿನಲ್ಲಿ, ಗೋಡೆಗೆ ನೇತುಹಾಕಿದ ದೊಡ್ಡ ಟೀವಿಯ ಕೆಳಗೇ, ಮರದ ಪೆಟ್ಟಿಗೆಯ ಹಳೇ ವಾಲ್ವ್ ಟೀವಿಯೂ ಕೂತಿದೆ. ಮಾವ ನಾಣಿ ತೀರಿಕೊಂಡ ಮೇಲೆ ಅದು ಆನ್ ಆಗಿದ್ದೇ ಇಲ್ಲ. ಗುಜರಿಗೆ ಹಾಕೋಣ ಎಂದ ನನ್ನ ಗಂಡ ಬೈಸಿಕೊಂಡಿದ್ದೂ ಆಯಿತು. ಈ ಸಲ ಆಯುಧಪೂಜೆಯೊಳಗೆ ಅದನ್ನು ಸರಿಮಾಡಿಯೇ ಸಿದ್ಧ ಎಂದು ಅತ್ತೆ ಕೂತರು.

ಅತ್ತೆ ಜಾಲಹಳ್ಳಿ ಕಡೆಯ ಸರ್ಕಾರಿ ಕಾರ್ಖಾನೆಯಲ್ಲಿ ದುಡಿದವರು. ಹಳೇ ಟೀವಿ, ರೇಡಿಯೋಗಳಿಗೆ ಹಾಕುವ, ಬಲ್ಬಿನಂಥ ಗಾಜಿನ ವಾಲ್ವ್ ಅಲ್ಲಿ ತಯಾರಾಗುತ್ತಿತ್ತು. ಒಳಗಿನ ಗಾಳಿಯನ್ನೆಲ್ಲ ಎಳೆದು ತೆಗೆದ ಮೇಲೆ ಗಾಜಿನ ಬಾಯಿ ಮುಚ್ಚುವ ವಿಭಾಗ ಇವರದ್ದು. ನಮ್ಮ ಟೀವಿಯ ವಾಲ್ವ್‌ಗಳೂ ಅಲ್ಲಿಯವೇ. ಮನೆಗೆ ಬಂದವರಿಗೆಲ್ಲ ಮಾವ, "ನಮ್ಮನೆ ಟೀವಿ ಒಳಗೆ ನನ್ನ ಹೆಂಡ್ತಿ ಕೂತಿದಾಳೆ, ಸ್ವಿಚ್ ಮೆತ್ತಗೆ ತಿರುಗಿಸ್ರಪ್ಪ" ಎನ್ನುತ್ತಿದ್ದರಂತೆ.

ಈಗ ಪಕ್ಕದ ಪೀಣ್ಯದ ಅಂಗಡಿಗಳಲ್ಲಿ ವಾಲ್ವ್ ಎಂದರೆ ನೀರಿನ ಪೈಪಿನದ್ದು. ಇರಲಿ ಎಂದು ನಾನು ಒಂದು ಅಂಗಡಿಯಲ್ಲಿ ಕೇಳಿದ್ದಕ್ಕೆ ಅವನು, "ಎಷ್ಟ್ ಇಂಚಿಂದು ಅಕ್ಕಾ? ಹಿತ್ತಾಳೆದಾ, ಪ್ಲಾಸ್ಟಿಕ್ಕಾ?" ಎಂದ. ಮನೆಗೆ ಬಂದು ಹೇಳಿದರೆ ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು.

ಭಾನುವಾರ ಅತ್ತೆ ಟೀವಿಯ ಹಿಂಬದಿಯ ಹಲಗೆ ಬಿಚ್ಚಿದರು. ಒಂದು ಕೈ ಬೆನ್ನ ಹಿಂದೆ ಕಟ್ಟಿಕೊಂಡು ಒಂದೇ ಕೈಯಲ್ಲಿ ಕೆಲಸ. ಶಾಕ್ ಹೊಡೆದರೂ ಎದೆ ಹಾಯದಿರಲಿ ಎಂದು ಕಲಿತ ಅಭ್ಯಾಸವಂತೆ. ನಾನು ಟಾರ್ಚ್ ಹಿಡಿದೆ. ದೊಡ್ಡ ವಾಲ್ವಿನ ನೆತ್ತಿ ಬೆಳ್ಳಗಿತ್ತು. ಅತ್ತೆಯ ಮುಖ ಸಪ್ಪಗಾಯಿತು.

"ಹೋಯ್ತು ಕಣೆ ಭಾವನಾ. ನೆತ್ತಿ ಬೆಳ್ಳಿ ಥರ ಹೊಳೀತಿರ್ಬೇಕು. ಬೆಳ್ಳಗಾಯ್ತು ಅಂದ್ರೆ ಒಳಗೆ ಗಾಳಿ ಹೋಗಿದೆ."

"ಬೇರೆ ಹಾಕಿದ್ರಾಯ್ತು ಬಿಡಿ ಅತ್ತೆ."

"ಬೇರೆ ಹಾಕ್ಬೋದು. ಆದ್ರೆ ಬಾಯಿ ಮುಚ್ಚಿದ್ದು ನಾವು. ನಮ್ ಕೆಲ್ಸ ಕೆಟ್ಟು ಹೋಯ್ತಲ್ಲ."

ಅವರು ಎದ್ದು ಅಡುಗೆಮನೆಗೆ ಹೋದರು. ಒಂದು ಬದುಕಿನ ದುಡಿಮೆ ಕೆಟ್ಟಿತೋ ಇಲ್ಲವೋ ಎಂಬುದು ಅಂಗೈಯಗಲದ ಗಾಜಿನ ಮೇಲೆ ನಿಂತಿತ್ತು. ಟಾರ್ಚ್ ಹತ್ತಿರ ಹಿಡಿದು ಮತ್ತೆ ನೋಡಿದೆ. ಬಿಳುಪು ಹರಡಿರಲಿಲ್ಲ, ಪಕ್ಕಪಕ್ಕದಲ್ಲಿ ಮೂರು ಗೆರೆ.

"ಅತ್ತೆ, ಬನ್ನಿ ಇಲ್ಲಿ. ಗಾಳಿ ಏನು ವಿಭೂತಿ ಹಚ್ಚುತ್ತಾ?"

ಬಂದು ನೋಡಿದರು. ಗಾಜಿನ ಹೊರಗೆ ಮಾವನ ಬೆರಳು ಎಳೆದ ವಿಭೂತಿ. ಆಯುಧಪೂಜೆಗೆ ಅತ್ತೆ ರೇಷ್ಮೆ ಸೀರೆ ಉಟ್ಟು ಕಾರ್ಖಾನೆಗೆ ಹೋಗುತ್ತಿದ್ದರು, ಮನೆಯ ಪೂಜೆ ಮಾವನದ್ದು. ಎಲ್ಲರೂ ಟೀವಿಯ ಪೆಟ್ಟಿಗೆಗೆ ಕುಂಕುಮ ಇಟ್ಟರೆ, ಈ ಮನುಷ್ಯ ಹಲಗೆ ಬಿಚ್ಚಿ ಒಳಗೆ ಕೂತಿದ್ದ ಹೆಂಡತಿಗೆ ವಿಭೂತಿ ಹಚ್ಚಿದ್ದರು. ಅದನ್ನು ಅತ್ತೆಗೆ ಹೇಳಿಯೇ ಇರಲಿಲ್ಲ.

ಅತ್ತೆಯ ಕಣ್ಣು ತುಂಬಿತು. "ಒಳಗೂ ಬಿಳುಪಿದ್ಯೋ ಏನೋ, ಒರೆಸದೆ ಗೊತ್ತಾಗಲ್ಲ. ಒರೆಸಿದ್ರೆ ಇವ್ರ ಬೆರಳು ಹೋಗುತ್ತೆ."

ವಾಲ್ವನ್ನು ಮೆಲ್ಲಗೆ ಕಿತ್ತು ಅಂಗೈಯಲ್ಲಿ ಇಟ್ಟುಕೊಂಡರು. ಆಮೇಲೆ ಸೆರಗಿನ ತುದಿಯಿಂದ ಒಂದೇ ಒಂದು ಗೆರೆಯನ್ನು ಒರೆಸಿದರು. ಅಡಿಯಲ್ಲಿ ಬೆಳ್ಳಿ ಹೊಳೆಯಿತು.

"ಇಷ್ಟು ಸಾಕು. ಗಟ್ಟಿಯಾಗಿದೆ" ಎಂದರು. ಸೆರಗಿಗೆ ಅಂಟಿದ್ದನ್ನು ಹಣೆಗೆ ಒತ್ತಿಕೊಂಡರು.

ಕೆಟ್ಟಿದ್ದು ಕಂಡೆನ್ಸರ್ ಎಂಬ ಒಂದು ಸಣ್ಣ ಬಿಡಿಭಾಗ, ಅಷ್ಟೇ. ಎಲೆಕ್ಟ್ರಾನಿಕ್ ಸಾಮಾನು ಸಿಗುವ ಎಸ್.ಪಿ. ರೋಡಿನಿಂದ ತಂದು ಅತ್ತೆಯೇ ಬೆಸುಗೆ ಹಾಕಿದರು. ಆನ್ ಮಾಡಿದಾಗ ವಾಲ್ವ್‌ಗಳು ನಿಧಾನವಾಗಿ ಕೆಂಪಾದವು, ಪರದೆ ತುಂಬ ಬಿಳಿ ಚುಕ್ಕಿ ಕುಣಿಯಿತು. ಇದಕ್ಕೆ ಸಿಗುವ ಚಾನೆಲ್ ಈಗ ಯಾವುದೂ ಇಲ್ಲ. ಅತ್ತೆ ಮಾತ್ರ ಕುರ್ಚಿ ಎಳೆದುಕೊಂಡು ಚುಕ್ಕಿಯನ್ನೇ ನೋಡುತ್ತ ಕೂತರು.

ಆಯುಧಪೂಜೆಯ ದಿನ ನಾನು ಸ್ಕೂಟರಿಗೆ ಹೂ ಏರಿಸಿ ಒಳಗೆ ಬಂದೆ. ಟೀವಿಯ ಹಲಗೆ ಬಿಚ್ಚಿತ್ತು. ಅತ್ತೆ ವಿಭೂತಿ ಅದ್ದಿದ ಬೆರಳಿನಿಂದ, ವಾಲ್ವಿನ ಮೇಲೆ ತಾವು ಒರೆಸಿದ್ದ ಆ ಒಂದು ಗೆರೆಯನ್ನು ಮತ್ತೆ ಎಳೆಯುತ್ತಿದ್ದರು.