ರಗ್ಬಿ ಮೈದಾನದಲ್ಲಿ ಇಂದ್ರಮ್ಮನ ಚಕ್ರ

ಮಾಗಡಿ ರಸ್ತೆಯಲ್ಲಿ ಮೊದಲ ಬಸ್ಸುಗಳು ಇನ್ನೂ ಖಾಲಿ ಖಾಲಿಯಾಗಿ ಓಡುತ್ತಿವೆ. ಸುಂಕದಕಟ್ಟೆಯ ಹಿಂಬದಿಯ ಸ್ಟೇಡಿಯಮ್ಮಿನ ಹುಲ್ಲಿನ ಮೇಲೆ ಇಬ್ಬನಿ ಆರಿಲ್ಲ. ಸೀರೆಯ ಮೇಲೊಂದು ಗಂಡಸರ ಅಂಗಿ ತೊಟ್ಟ ಇಂದ್ರಮ್ಮ ಮೈದಾನದ ನಟ್ಟನಡುವೆ ಗೂಟ ನೆಟ್ಟು, ಅದಕ್ಕೆ ಕಟ್ಟಿದ ಹಗ್ಗದ ತುದಿ ಹಿಡಿದು ಸುತ್ತು ಬರುತ್ತಿದ್ದಾರೆ. ಗೆರೆ ಎಳೆಯುವ ಗಾಡಿ ಪಕ್ಕದಲ್ಲೇ ಸುಮ್ಮನೆ ನಿಂತಿದೆ. ಸುತ್ತು ಮುಗಿಸಿ ಗೂಟ ಕೀಳುತ್ತಾರೆ. ಹುಲ್ಲಿನ ಮೇಲೆ ಹೆಜ್ಜೆ ಗುರುತು ಬಿಟ್ಟರೆ ಗೆರೆಯ ಸುಳಿವೂ ಇಲ್ಲ. ಆಮೇಲಷ್ಟೇ ಗಾಡಿಗೆ ಬಿಳಿ ಬಣ್ಣ ಸುರಿದು ನಿಜವಾದ ಕೆಲಸ ಶುರು ಮಾಡುತ್ತಾರೆ.

“ಫುಟ್‌ಬಾಲಿಗೆ ನಡುವೆ ಚಕ್ರ ಇರುತ್ತೆ. ರಗ್ಬಿಗೆ ಇರಲ್ಲ. ಇವತ್ತು ರಗ್ಬಿ, ಅದಕ್ಕೆ ಬರೀ ಕಾಲಲ್ಲೇ ಬರ್ದೆ,” ಎಂದು ನಗುತ್ತಾರೆ.

ಮಧ್ಯಾಹ್ನ ಇಲ್ಲಿ ನಮ್ಮ ಮಹಿಳಾ ತಂಡಕ್ಕೂ ಶ್ರೀಲಂಕಾದ ತಂಡಕ್ಕೂ ಪಂದ್ಯ. ಈ ಹುಲ್ಲಿನ ಮೇಲೆ ಇದೇ ಕೊನೆಯ ಆಟ. ನಾಳೆ ಬೆಳಿಗ್ಗೆ ಯಂತ್ರಗಳು ಬಂದು ಹುಲ್ಲನ್ನು ಸುಲಿದು ಹಾಕುತ್ತವೆ. ಅದರ ಜಾಗಕ್ಕೆ ಪ್ಲಾಸ್ಟಿಕ್ ಹುಲ್ಲು ಬರುತ್ತದೆ. ಅದರಲ್ಲಿ ಎರಡೂ ಆಟಗಳ ಗೆರೆಗಳನ್ನು ಮೊದಲೇ ಹಾಕಿಟ್ಟಿರುತ್ತಾರಂತೆ. ಇಂದ್ರಮ್ಮನಿಗೆ ಇನ್ನು ಗ್ಯಾಲರಿ ಗುಡಿಸುವ ಕೆಲಸ. ಅದಕ್ಕೆ ಅವರ ತಕರಾರಿಲ್ಲ. ಕೊನೆಯ ಆಟ ಫುಟ್‌ಬಾಲ್ ಆಗಬಾರದಿತ್ತೇ, ಚಕ್ರ ಬರೆದೇ ಮುಗಿಸಬಹುದಿತ್ತಲ್ಲ ಎಂಬುದೊಂದೇ ಅವರ ಕೊರಗು.

ಆ ಕೊರಗು ತಿಳಿಯಬೇಕಾದರೆ ಈ ಜಾಗದ ಕಥೆ ತಿಳಿಯಬೇಕು. ಇದು ಊರಾಗಿದ್ದ ಕಾಲದಲ್ಲಿ ಇಲ್ಲಿ ರಾಗಿ ಒಕ್ಕುವ ಕಣವಿತ್ತು. ಕಣದ ನಡುವಿನ ಮೇಟಿ ಕಂಬಕ್ಕೆ ಎತ್ತು ಕಟ್ಟಿ ಸುತ್ತು ತಿರುಗಿಸುತ್ತಿದ್ದವರು ಇಂದ್ರಮ್ಮನ ಮಾವ ಹನುಮಯ್ಯ. ಕಾಳು ತೂರಿ ರಾಶಿ ಮಾಡಿದ ಮೇಲೆ ಅದರ ಸುತ್ತ ಬೂದಿಯಲ್ಲೊಂದು ಗೆರೆ ಎಳೆಯಬೇಕು. ಎಳೆಯುವ ತನಕ ಮನೆಯ ಯಜಮಾನನೂ ರಾಶಿಗೆ ಕೈ ಹಾಕುವಂತಿಲ್ಲ. ಹೊಸ ಸೊಸೆಯ ಕೈಗುಣ ಒಳ್ಳೆಯದೆಂದು ಹನುಮಯ್ಯ ಆ ಕೆಲಸವನ್ನು ಇಂದ್ರಮ್ಮನಿಗೆ ವಹಿಸಿದ್ದರು.

ಆಮೇಲೆ ಜಮೀನು ಸ್ಟೇಡಿಯಮ್ಮಿಗೆ ಹೋಯಿತು, ಮನೆಗೊಬ್ಬರಿಗೆ ಅಲ್ಲೇ ಕೆಲಸ ಬಂತು; ಈ ಮನೆಯಿಂದ ಇಂದ್ರಮ್ಮನಿಗೆ. ಮೊದಲು ಬರೀ ಮಣ್ಣಿನ ಮೈದಾನ. ಬಾಪೂಜಿ ನಗರದ ಹುಡುಗರು, ನಂದಿನಿ ಲೇಔಟಿನ ಹುಡುಗರು ಫುಟ್‌ಬಾಲ್ ಆಡಿ ಮಂಡಿ ತರಚಿಕೊಂಡು ಹೋಗುತ್ತಿದ್ದರು. ಹುಲ್ಲು ಬಂತು, ಗ್ಯಾಲರಿ ಎದ್ದಿತು. ನೇಪಾಳದ ಫುಟ್‌ಬಾಲ್ ತಂಡ ಬಂದ ದಿನ ಜನ ಕಾಂಪೌಂಡಿನ ಮೇಲೂ ಕೂತಿದ್ದರು. ಅಂದು ನಡುವಿನ ಚಕ್ರ ಬರೆದದ್ದು ಇಂದ್ರಮ್ಮ.

“ಗೂಟ, ಹಗ್ಗ, ಸುತ್ತು. ನಂಗೇನು ಹೊಸ್ದಾ? ಎತ್ತಿನ ಬದ್ಲು ನಾನು, ಅಷ್ಟೇ.”

ಮಾವನ ಮೇಟಿ ಸರಿಯಾಗಿ ಆ ಚಕ್ರದ ನಡುವೆಯೇ ಇತ್ತೇ ಎಂದು ಕೇಳಿದರೆ ಮುಚ್ಚುಮರೆಯಿಲ್ಲ. “ಇಲ್ಲ ಸಾರ್, ಅದು ಇದ್ದಿದ್ದು ಈಗ ಸ್ಕೂಟರ್ ನಿಲ್ಸೋ ಕಡೆ. ಅಲ್ಲೋಗಿ ಚಕ್ರ ಬರೆಯೋಕಾಗುತ್ತಾ?”

ಎಡವಟ್ಟಾದದ್ದು ಮೊದಲ ಅಂತಾರಾಷ್ಟ್ರೀಯ ರಗ್ಬಿ ಪಂದ್ಯದ ದಿನ. ಕೊಟ್ಟ ನಕ್ಷೆಯಂತೆ ಗೆರೆಗಳನ್ನೆಲ್ಲ ಎಳೆದ ಇಂದ್ರಮ್ಮ ನಡುವೆ ಚಕ್ರವನ್ನೂ ಬರೆದುಬಿಟ್ಟರು. ನಕ್ಷೆಯಲ್ಲಿ ಚಕ್ರವಿರಲಿಲ್ಲ. ಬರೆದವರು ಮರೆತಿದ್ದಾರೆ, ಪಾಪ, ಎಂದುಕೊಂಡರಂತೆ! ವಿದೇಶಿ ರೆಫರಿ ಅದನ್ನು ನೋಡಿ ಸೊಂಟದ ಮೇಲೆ ಕೈಯಿಟ್ಟು ನಿಂತುಬಿಟ್ಟ. ನೀರು ಸುರಿದು ಉಜ್ಜಿದರು, ಹಸಿರು ಬಣ್ಣ ಬಳಿದರು. ಆದರೂ ಆಟ ಮುಗಿಯುವವರೆಗೆ ಮಸುಕು ಚಕ್ರವೊಂದು ಟೀವಿಯಲ್ಲಿ ಕಾಣುತ್ತಲೇ ಇತ್ತು.

“ನನ್ನ ಮಾನ ಹರಾಜಾಯ್ತು ಅಂತ ಬೈದೆ,” ಎನ್ನುತ್ತಾರೆ ಸ್ಟೇಡಿಯಮ್ಮಿನ ಮ್ಯಾನೇಜರ್ ಮುರಳೀಕೃಷ್ಣ. “ಅದಕ್ಕೆ ಇವ್ರು, ಸುತ್ತು ಗೆರೆ ಇಲ್ದೆ ಕೆಲ್ಸ ಶುರು ಮಾಡಿದ್ರೆ ಒಳ್ಳೇದಾಗಲ್ಲ ಸಾರ್ ಅಂತಾರೆ. ಏನ್ ಹೇಳ್ಲಿ? ಬಣ್ಣ ಹಾಕ್ದೆ ಏನ್ ಬೇಕಾದ್ರೂ ಮಾಡ್ಕೊಳ್ಳಮ್ಮ ಅಂದೆ.” ಅಂದಿನಿಂದ ರಗ್ಬಿ ದಿನಗಳಲ್ಲಿ ಬಣ್ಣವಿಲ್ಲದ ಸುತ್ತು.

ಈಗ ಇಂದ್ರಮ್ಮ ಕೇಳುತ್ತಿರುವುದು ಇಷ್ಟೇ: ನಾಳೆ ಯಂತ್ರ ಬರುವ ಮೊದಲು ಬಣ್ಣದಲ್ಲಿ ಒಂದು ಚಕ್ರ. ಯಾವ ಆಟಕ್ಕೂ ಅಲ್ಲ. ಮುರಳೀಕೃಷ್ಣ ಮೊನ್ನೆ ಆಗುವುದಿಲ್ಲ ಎಂದಿದ್ದರು. ಇಂದು ಸಂಜೆಯಿಂದ ಮೈದಾನ ಗುತ್ತಿಗೆದಾರನ ವಶಕ್ಕೆ, ಒಳಗೆ ಯಾರನ್ನೂ ಬಿಡುವಂತಿಲ್ಲ. ಅವತ್ತು ಇಂದ್ರಮ್ಮನ ಊಟದ ಡಬ್ಬಿ ತೆರೆಯದೆ ಹಾಗೇ ಮನೆಗೆ ಹೋಯಿತಂತೆ.

ಬಿಸಿಲೇರುವ ಹೊತ್ತಿಗೆ ಕೊನೆಯ ಗೆರೆಯೂ ಮುಗಿಯುತ್ತದೆ. ಕಾಫಿ ಲೋಟ ಹಿಡಿದು ಬಂದ ಮುರಳೀಕೃಷ್ಣ ಮೈದಾನವನ್ನೊಮ್ಮೆ ನೋಡಿ, ಜೇಬಿನಿಂದ ಬೀಗದ ಕೈಯೊಂದನ್ನು ತೆಗೆದು ಗಾಡಿಯ ಮೇಲಿಡುತ್ತಾರೆ. “ಪಕ್ಕದ ಗೇಟಿಂದು. ನಿಮ್ ಹತ್ರನೇ ಇರ್ಲಿ ಇಂದ್ರಮ್ಮ, ನಾಳಿದ್ದು ಕೊಡಿ,” ಎಂದವರೇ ತಿರುಗಿ ನೋಡದೆ ಆಫೀಸಿನತ್ತ ನಡೆಯುತ್ತಾರೆ.

ಇಂದ್ರಮ್ಮ ಕೀಲಿಯನ್ನು ಕಣ್ಣಿಗೊತ್ತಿಕೊಂಡು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರೆ. ಗಾಡಿಯ ತಳದಲ್ಲಿ ಉಳಿದ ಬಣ್ಣವನ್ನು ಡಬ್ಬಕ್ಕೆ ಬಗ್ಗಿಸಿ ಮುಚ್ಚಳ ಬಿಗಿದು ನಮ್ಮತ್ತ ತಿರುಗುತ್ತಾರೆ.

“ಯಂತ್ರ ಬರೋದ್ರೊಳಗೆ ಬಂದ್ಬಿಡ್ತೀನಿ ಸಾರ್. ಇಷ್ಟು ವರ್ಷ ಅವ್ರ ಆಟಕ್ಕೆ ಬರ್ದೆ. ಗೆರೆ ಎಳೀದೆ ರಾಶಿಗೆ ಕೈ ಹಾಕ್ಬಾರ್ದು ಅಲ್ವಾ? ನಾಳೆ ಚಕ್ರ ನಮ್ ಕಣಕ್ಕೆ.”