ಆಪರೇಟರ್ ಲೈನ್ ಮೇಲಿದ್ದಾಳೆ

ಭದ್ರಾವತಿಯ ಓಲ್ಡ್ ಟೌನಿನಲ್ಲಿ ಬಸವರಾಜೇಶ್ವರಿಯವರು ದಿನಸಿ ಅಂಗಡಿಗೆ ಹೋದರೆ ಅಂಗಡಿಯವನು ತೊಗರಿಬೇಳೆಯನ್ನು ಒಂದು ಹಿಡಿ ಹೆಚ್ಚೇ ಹಾಕುತ್ತಾನೆ. ಪ್ರೀತಿಯಿಂದಲ್ಲ, ಭಯದಿಂದ. ಆಕೆ ಮೂವತ್ತೊಂದು ವರ್ಷ ಕಾರ್ಖಾನೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಯಾವ ಸಂಬಂಧ ಯಾಕೆ ಮುರಿದುಬಿತ್ತು, ಯಾವ ಸಾಹೇಬರು ಮೀಟಿಂಗ್ ಎಂದು ಮನೆಗೆ ತಿಳಿಸಿ ಎಲ್ಲಿಗೆ ಹೋದರು, ಅಂಗಡಿಯವನ ಅಪ್ಪ ತನ್ನ ಬೀಗರ ಬಗ್ಗೆ ಯಾರ ಹತ್ತಿರ ಏನು ಅಂದಿದ್ದ, ಎಲ್ಲವೂ ಈ ಎಪ್ಪತ್ತರ ಹೆಂಗಸಿನ ಹೊಟ್ಟೆಯಲ್ಲಿ ಭದ್ರವಾಗಿದೆ ಎಂದು ಊರಿಗೆ ಊರೇ ನಂಬಿದೆ.

ನಿಜ ಹೇಳಬೇಕೆಂದರೆ ಆ ಹೊಟ್ಟೆಯಲ್ಲಿ ಅನ್ನ ಸಾರು ಬಿಟ್ಟರೆ ಬೇರೇನೂ ಇಲ್ಲ. ಎಕ್ಸ್‌ಚೇಂಜಿನ ಬೋರ್ಡಿನಲ್ಲಿ ಪ್ರತಿ ಲೈನಿಗೂ ಒಂದು ಪುಟ್ಟ ಕೀಲಿ ಇರುತ್ತಿತ್ತು. ಮುಂದೆ ತಳ್ಳಿದರೆ ಮಾತು ಕೇಳಿಸುತ್ತದೆ, ಹಿಂದಕ್ಕೆಳೆದರೆ ಇಲ್ಲ. ಎರಡೂ ಕಡೆಯ 'ಹಲೋ' ಕಿವಿಗೆ ಬಿದ್ದ ಕೂಡಲೇ ಕೀಲಿ ಹಿಂದಕ್ಕೆಳೆಯಬೇಕು. ಮತ್ತೆ ನಡುವೆ ಬರಬೇಕಾದರೆ "ಆಪರೇಟರ್ ಲೈನ್ ಮೇಲಿದ್ದಾಳೆ" ಎಂದು ಮೊದಲು ಹೇಳಿಯೇ ಬರಬೇಕು. ದೂರದೂರಿನ, ಮೂರು ಮೂರು ನಿಮಿಷಕ್ಕೆ ದುಡ್ಡು ಏರುವ ಟ್ರಂಕ್ ಕಾಲ್ ಆದರೆ "ಮೂರು ನಿಮಿಷ ಆಯ್ತು, ಮುಂದುವರಿಸ್ತೀರಾ?" ಎಂದು ಕೇಳುವುದು, ಉತ್ತರ ಪಡೆದು ಹೊರಗೆ ಹೋಗುವುದು. ಜೊತೆಯವರು ಬೇಸರ ಕಳೆಯಲು ಕದ್ದು ಕೇಳುತ್ತಿದ್ದರೇನೋ, ಬಸವರಾಜೇಶ್ವರಿಯವರ ಲಿಂಗಪೂಜೆ ಒಂದೊಂದು ದಿನ ತಡವಾದದ್ದುಂಟು, ಕೀಲಿ ಎಳೆಯುವುದು ತಡವಾದದ್ದಿಲ್ಲ.

ಹಾಗಂತ ಅದನ್ನು ಊರಿಗೆ ಸಾರಲು ಅವರೇನು ದಡ್ಡರೇ? ಅಂಗಡಿಯಲ್ಲಿ ನಿಂತು, "ನಿಮ್ಮಪ್ಪಾರ ದನಿ ಇವತ್ತಿಗೂ ಕಿವೀಲಿದೆ ನೋಡಪ್ಪ" ಎಂದು ಒಂದು ನಿಟ್ಟುಸಿರು ಬಿಟ್ಟರೆ ಸಾಕು, ಬೇಳೆಯ ಜೊತೆ ಒಂದು ಉಂಡೆ ಬೆಲ್ಲವೂ ಚೀಲ ಸೇರುತ್ತಿತ್ತು. ಅವರಿಗೆ ನಿಜವಾಗಿ ಉಳಿದಿದ್ದ ವಿದ್ಯೆ ಒಂದೇ. ಯಾರು ಎಷ್ಟು ದನಿ ಬದಲಿಸಿ 'ಹಲೋ' ಎಂದರೂ ಅವರು ಯಾರೆಂದು ಥಟ್ಟನೆ ಗುರುತಿಸುವುದು.

ಇಂಥವರ ಮನೆಗೆ ಒಂದು ಶನಿವಾರ ಮಧ್ಯಾಹ್ನ ಮಗಳು ರಶ್ಮಿ ಹೇಳದೆ ಕೇಳದೆ ಬಂದಳು. ರಶ್ಮಿ ಶಿವಮೊಗ್ಗದ ದುರ್ಗಿಗುಡಿಯ ಒಂದು ಶಾಲೆಯಲ್ಲಿ ಟೀಚರು, ಮನೆ ನವುಲೆಯಲ್ಲಿ. ಶಾಲೆಯ ಸೀರೆಯಲ್ಲೇ ಬಸ್ಸು ಹತ್ತಿ ಬಂದಿದ್ದಳು.

"ಅವ್ವ, ನಾನೊಂದು ದೊಡ್ಡ ತಪ್ಪು ಮಾಡ್ಬಿಟ್ಟಿದೀನಿ."

"ಚಿಕ್ಕದಕ್ಕೆಲ್ಲ ನೀನು ಬಸ್ ಹತ್ತಿ ಬರೋಳಲ್ಲ. ಕೂತ್ಕೊ. ಮೊದಲು ಮಜ್ಜಿಗೆ ಕುಡಿ."

ಮಜ್ಜಿಗೆ ಅರ್ಧ ಲೋಟ ಇಳಿಯುವಷ್ಟರಲ್ಲಿ ಕತೆ ಹೊರಗೆ ಬಂತು. ಎರಡು ತಿಂಗಳ ಹಿಂದೆ ಶಾಲೆಯಲ್ಲಿ ಟೀಚರುಗಳಿಗೊಂದು ತರಬೇತಿ ನಡೆದಿತ್ತು. ಮಕ್ಕಳ ಫೋನಿನ ಮೇಲೆ ಒಂದು ಕಣ್ಣಿಡಿ ಎಂದು ಬಂದವರು ಹೇಳಿಹೋದರು. ಕಣ್ಣಿಡಿ ಎಂದರೆ ಈ ಮಹಾತಾಯಿ ವೇಷವನ್ನೇ ಕಟ್ಟಿದ್ದಳು. ಇನ್‌ಸ್ಟಾಗ್ರಾಮಿನಲ್ಲಿ ದುಶ್ಯಂತ್ ಎಂಬ ಹದಿನೈದು ವರ್ಷದ ಹುಡುಗನನ್ನು ಹುಟ್ಟಿಸಿ, ಮುಖದ ಜಾಗದಲ್ಲಿ ಒಂದು ಕ್ರಿಕೆಟ್ ಬ್ಯಾಟಿನ ಚಿತ್ರ ಅಂಟಿಸಿ, ಒಂಬತ್ತನೇ ಕ್ಲಾಸಿನ ತನ್ನ ಮಗಳು ಸಿರಿಗೆ ಸ್ನೇಹದ ಕೋರಿಕೆ ಕಳಿಸಿದ್ದಳು. ಗಂಡ ರವಿಶಂಕರನಿಗೂ ಗೊತ್ತಿಲ್ಲ.

"ಗುರುತಿಲ್ಲದವ್ರನ್ನ ಸೇರಿಸ್ಕೊಳ್ತಾಳೋ ಇಲ್ವೋ ನೋಡೋಣ ಅಂತ ಅಷ್ಟೇ ಅವ್ವ. ಮೊದಲನೇ ದಿನ ಸೇರಿಸ್ಕೊಳ್ಲಿಲ್ಲ. ಎರಡನೇ ದಿನ ಒಂದು ಮೆಸೇಜ್ ಹಾಕಿದೆ, ಸೇರಿಸ್ಕೊಂಡ್ಳು."

"ಪರೀಕ್ಷೆ ಮುಗೀತಲ್ಲ. ಅಲ್ಲಿಗೇ ಬಿಡಬೇಕಿತ್ತು."

"ಬಿಡೋಕಾಗ್ಲಿಲ್ಲ." ರಶ್ಮಿ ಲೋಟ ಕೆಳಗಿಟ್ಟಳು. "ಮನೇಲಿ ನನ್ನ ಹತ್ರ 'ಹೂಂ', 'ಉಹೂಂ' ಬಿಟ್ರೆ ಮೂರನೇ ಮಾತಿಲ್ಲ. ಅವನ ಹತ್ರ ಪುಟಗಟ್ಟಲೆ ಬರೀತಾಳೆ. ಟೀಚರ್ ಬೈದಿದ್ದು, ಗೆಳತಿ ಮುನಿಸ್ಕೊಂಡಿದ್ದು, ಎಲ್ಲ. ನಂಗೆ ಆಸೆ ಆಗ್ಬಿಡ್ತು."

ಹೇಳುತ್ತಲೇ ಫೋನನ್ನು ತಾಯಿಯ ಮುಂದೆ ಹಿಡಿದಳು. ಬಸವರಾಜೇಶ್ವರಿ ಅದನ್ನು ಬಿಸಿ ಪಾತ್ರೆಯಂತೆ ಆಚೆ ತಳ್ಳಿದರು.

"ನಾನು ಓದಲ್ಲ. ಆ ಮಗು ನಂಗೆ ಬರೆದದ್ದಲ್ಲ ಅದು. ನೀನೇನು ಬರ್ದೆ, ಅದನ್ನಷ್ಟೇ ಓದು."

ರಶ್ಮಿ ನಾಚಿಕೆಯಿಂದಲೇ ಓದಿದಳು. "'ಹಾಯ್ ಸಿರಿ. ಇವತ್ತು ಬೆಂಡೆಕಾಯಿ ಪಲ್ಯ ಪೂರ್ತಿ ತಿಂದ್ಯಾ?' ಇದು ಎರಡನೇ ದಿನದ್ದು. ಆಮೇಲೆ, 'ಭಾನುವಾರ ತಲೆಗೆ ಎಣ್ಣೆ ಹಚ್ಕೊಂಡ್ಯಾ?' 'ಮೈ ಬಿಸಿ ಇದ್ರೆ ಮೊದಲೇ ಮಾತ್ರೆ ನುಂಗಬೇಡ, ಕಷಾಯ ಕುಡಿ.'"

ಬಸವರಾಜೇಶ್ವರಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರೂ ನಗು ನಿಲ್ಲಲಿಲ್ಲ, ಕಣ್ಣಲ್ಲಿ ನೀರೇ ಬಂತು. "ಮಾರಾಯ್ತಿ, ಇವನು ಹತ್ತನೇ ಕ್ಲಾಸ್ ಹುಡುಗನೋ, ಬಾಣಂತನ ಮಾಡೋಕೆ ಬಂದ ಮುದುಕಿಯೋ?"

"ನಗಬೇಡ ಅವ್ವ!" ರಶ್ಮಿಯ ಕಣ್ಣಲ್ಲಿ ಬಂದದ್ದು ಬೇರೆ ನೀರು. "ನಿನ್ನೆ ಸಂಜೆ ಅವಳು ಬರೆದಿದಾಳೆ. ಫೋನಲ್ಲಿ ಏನೋ ಗೇಮ್ ಆಡ್ತಾಳಲ್ಲ, ಅದ್ರಲ್ಲಿ ಯಾರೋ ಒಬ್ಬ ಗಂಟುಬಿದ್ದಿದಾನಂತೆ. ಹದಿನೇಳು ವರ್ಷ ಅಂತಾನಂತೆ, ಯಾವ ಕತ್ತೆ ವಯಸ್ಸೋ ಯಾರಿಗ್ಗೊತ್ತು. ಮೊದಮೊದಲು ಆಟದಲ್ಲಿ ಸಹಾಯ ಮಾಡ್ತಿದ್ನಂತೆ. ಈಗ ಫೋಟೋ ಕಳಿಸು ಅಂತಿದಾನೆ. ಕಳಿಸ್ದಿದ್ರೆ ನಿಮ್ಮ ಸ್ಕೂಲಿಗೆ ಇಲ್ಲಸಲ್ಲದ್ದು ಹೇಳ್ತೀನಿ ಅಂತ ಹೆದರಿಸ್ತಿದಾನೆ."

ನಗು ಅಲ್ಲೇ ನಿಂತಿತು. "ಕಳಿಸಿದಾಳಾ?"

"ಇಲ್ವಂತೆ. ಕಳಿಸಬೇಡ, ಅಮ್ಮನಿಗೆ ಹೇಳು ಅಂತ ದುಶ್ಯಂತ್ ಬರೆದ. ಅಂದ್ರೆ ನಾನೇ. ಅದಕ್ಕವಳು 'ನೀನೇ ಹೇಳು' ಅಂತ ಬರೆದು ಸುಮ್ಮನಾಗಿದಾಳೆ. ಎಲ್ಲಿಯದೋ ಹುಡುಗ ಬಂದು ನಂಗೆ ಹೆಂಗೆ ಹೇಳ್ತಾನೆ? ಹೆದರಿಕೇಲಿ ಮಗೂಗೆ ಏನು ಬರೀತಿದೀನಿ ಅಂತಾನೂ ಗೊತ್ತಾಗ್ತಿಲ್ಲ."

ಬಸವರಾಜೇಶ್ವರಿ ಮಗಳ ಮುಖವನ್ನೇ ನೋಡಿದರು. ಮಗುವಿಗಾದರೋ ತಾನು ಏನು ಬರೆಯುತ್ತಿದ್ದೇನೆಂದು ಚೆನ್ನಾಗಿಯೇ ಗೊತ್ತಿತ್ತು. ದುಶ್ಯಂತನ ಬ್ಯಾಟಿನ ಹಿಂದೆ ಕೂತವರು ಯಾರೆಂದೂ ಗೊತ್ತಿತ್ತು. 'ನೀನೇ ಹೇಳು' ಎಂಬುದು ಗಂಟೆ ಬಾರಿಸಿದ ಹಾಗೆ ಯಾರಿಗಾದರೂ ಕೇಳಿಸುತ್ತಿತ್ತು, ಈ ಬುದ್ಧಿವಂತೆ ಒಬ್ಬಳನ್ನು ಬಿಟ್ಟು. ಆದರೂ ಅವರು ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಹೇಳಿದರೆ ತಪ್ಪೊಪ್ಪಿಕೊಳ್ಳುವ ಕಷ್ಟದಿಂದ ರಶ್ಮಿ ಸುಲಭವಾಗಿ ಪಾರಾಗಿಬಿಡುತ್ತಿದ್ದಳು, ಪಾರಾಗಬಾರದು ಎಂಬುದು ತಾಯಿಯ ಎಣಿಕೆ.

"ಒಂದು ಯೋಚನೆ ಮಾಡಿದೀನಿ" ಎಂದಳು ರಶ್ಮಿ. "ಯಾರೋ ಪೇರೆಂಟ್ ದೂರು ಕೊಟ್ರು ಅಂತ ಸುಳ್ಳು ಹೇಳಿ ಅವಳ ಫೋನ್ ಕಿತ್ಕೊಂಡ್ಬಿಡ್ತೀನಿ. ಆ ದರಿದ್ರದವನ ಕಾಟಾನೂ ತಪ್ಪತ್ತೆ, ದುಶ್ಯಂತನ ವಿಷಯಾನೂ ಹೊರಗೆ ಬರಲ್ಲ."

"ಅವಳು ಹೆದರ್ಕೊಂಡು ಬಾಯಿಬಿಟ್ಟಿರೋದು ಒಬ್ಬನ ಹತ್ರ. ಮಾರನೇ ದಿನವೇ ಫೋನ್ ಹೋದ್ರೆ, ಇನ್ನೊಂದ್ಸಲ ಯಾರ ಹತ್ರ ಬಾಯಿಬಿಡ್ತಾಳೆ?"

ರಶ್ಮಿ ಫೋನನ್ನು ಬ್ಯಾಗಿಗೆ ಹಾಕಿಕೊಂಡಳು.

"ಎಕ್ಸ್‌ಟೆನ್ಷನ್ ಇನ್ನೂರ ಹದಿನಾಲ್ಕು ನೆನಪಿದೆಯಾ?" ಎಂದು ಬಸವರಾಜೇಶ್ವರಿ ಸಹಜವಾಗಿ ಕೇಳಿದರು.

ರಶ್ಮಿಯ ಮುಖ ಬಿಳಿಚಿಕೊಂಡಿತು. ನೆನಪಿಲ್ಲದೆ ಏನು? ಅವಳು ಶಿವಮೊಗ್ಗದ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುತ್ತಿದ್ದ ಕಾಲ. ಕಾರ್ಖಾನೆಯ ಇನ್ನೂರ ಹದಿನಾಲ್ಕರಲ್ಲಿ ಒಬ್ಬ ಅಪ್ರೆಂಟಿಸ್ ಹುಡುಗ ಇದ್ದ. ತಾಯಿಯ ಶಿಫ್ಟು ಇಲ್ಲದ ಹೊತ್ತು ನೋಡಿಕೊಂಡು ಇವಳು ಕಾಯಿನ್ ಬೂತಿನಿಂದ ಫೋನ್ ಮಾಡುತ್ತಿದ್ದಳು. ಒಂದು ತಿಂಗಳು ಮತ್ತೊಬ್ಬ ಆಪರೇಟರ್ ರಜೆ ಹಾಕಿ, ಎರಡೂ ಶಿಫ್ಟಿನಲ್ಲಿ ತಾಯಿಯೇ ಕೂತುಬಿಟ್ಟರು. ಆಗ ಇವಳು ಬಾಯಿಗೆ ಕರ್ಚೀಫ್ ಅಡ್ಡ ಹಿಡಿದು, ದನಿ ದಪ್ಪ ಮಾಡಿ, 'ಮೇಡಂ, ಟೂ ಒನ್ ಫೋರ್ ಕೊಡಿ' ಎನ್ನುತ್ತಿದ್ದಳು. ಅಮ್ಮನನ್ನೇ ಯಾಮಾರಿಸಿದೆ ಎಂದು ಹಾಸ್ಟೆಲಿನಲ್ಲಿ ಗೆಳತಿಯರ ಮುಂದೆ ಜಂಬ ಕೊಚ್ಚಿದ್ದೂ ಉಂಟು.

"ನಿಂಗೆ ಗೊತ್ತಿತ್ತಾ?"

"ನಿನ್ನ ಗಂಟಲು ನಾನೇ ಕಷಾಯ ಹೊಯ್ದು ಬೆಳೆಸಿದ್ದು. ಕರ್ಚೀಫ್ ಯಾಕೆ, ಕಂಬಳಿ ಹೊದ್ಕೊಂಡ್ರೂ ಗೊತ್ತಾಗ್ತಿತ್ತು."

"ಅಯ್ಯಯ್ಯೋ! ಎಲ್ಲ ಕೇಳಿಸ್ಕೊಂಡ್ಯಾ?"

"ಒಂದಕ್ಷರ ಇಲ್ಲ. ಕೀಲಿ ಎಳೆದು ಕೈಯನ್ನ ತೊಡೆ ಕೆಳಗೆ ಇಟ್ಕೊಂಡು ಕೂತಿದ್ದೆ. ಕೈ ಎಷ್ಟು ತುರಿಸ್ತು ಅಂತ ಆ ಶಿವನಿಗೇ ಗೊತ್ತು. ಆದ್ರೆ ಲೈನ್ ಕೊಡೋ ಮುಂಚೆ ಒಂದು ಮಾತು ಹೇಳ್ತಿದ್ದೆ. ಏನು ಹೇಳು?"

ರಶ್ಮಿ ನಿಧಾನವಾಗಿ ನೆನಪಿಸಿಕೊಂಡಳು. "'ಲೈನಿನಲ್ಲಿ ಏನೇ ತೊಂದರೆ ಆದ್ರೂ ಆಪರೇಟರನ್ನ ಕರೀರಿ ಮೇಡಂ, ಸಂಕೋಚ ಬೇಡ' ಅಂತ. ಎಲ್ರಿಗೂ ಹೇಳ್ತೀಯ ಅಂದ್ಕೊಂಡಿದ್ದೆ."

"ಮೂವತ್ತೊಂದು ವರ್ಷದಲ್ಲಿ ಒಬ್ಬಳಿಗೇ ಹೇಳಿದ್ದು ಅದನ್ನ."

ಆ ಅಪ್ರೆಂಟಿಸ್ ಕೊನೆಗೆ ಏನೋ ಚುಚ್ಚಿ ಮಾತಾಡಿದ ದಿನ ರಶ್ಮಿ ಗೆಳತಿಯರ ಹತ್ತಿರ ಹೋಗಲಿಲ್ಲ. ಯಾಕೆಂದು ತನಗೇ ತಿಳಿಯದೆ ಭದ್ರಾವತಿ ಬಸ್ಸು ಹತ್ತಿ ಮನೆಗೆ ಬಂದಿದ್ದಳು. ತಾಯಿ ಏನೂ ಕೇಳದೆ ಒಗ್ಗರಣೆ ಅವಲಕ್ಕಿ ಮಾಡಿಕೊಟ್ಟಿದ್ದರು. ಅದೆಲ್ಲ ಈಗ ನೆನಪಾಗಿ ಅವಳು ಉಳಿದಿದ್ದ ಮಜ್ಜಿಗೆಯನ್ನು ಒಂದೇ ಗುಟುಕಿಗೆ ಕುಡಿದಳು.

"ಏಳು, ನಾನೂ ಬರ್ತೀನಿ" ಎಂದರು ಬಸವರಾಜೇಶ್ವರಿ. "ಕೀಲಿ ಮುಂದೆ ತಳ್ಳಿ ಎರಡು ತಿಂಗಳು ಕದ್ದು ಕೇಳಿದೀಯ. ಮೊದಲು ಲೈನ್ ಮೇಲಿದೀನಿ ಅಂತ ಹೇಳು. ಮಿಕ್ಕಿದ್ದು ಆಮೇಲೆ."

ಬಸ್ಸಿನಲ್ಲಿ ರಶ್ಮಿ ಶಿವಮೊಗ್ಗ ಬರುವವರೆಗೂ ತುಟಿ ಅಲ್ಲಾಡಿಸುತ್ತ ಪಾಠ ಒಪ್ಪಿಸುವವಳಂತೆ ಅಭ್ಯಾಸ ಮಾಡಿದಳು. ಪಕ್ಕದಲ್ಲಿ ತಾಯಿ ಕಡಲೆಕಾಯಿ ತಿನ್ನುತ್ತ, ಕಿಟಕಿಯ ಕಡೆ ತಿರುಗಿ ಒಬ್ಬರೇ ನಗುತ್ತಿದ್ದರು.

ನವುಲೆಯ ಮನೆಯಲ್ಲಿ ಸಿರಿ ಸೋಫಾದ ಮೂಲೆಯಲ್ಲಿ ಮುದುಡಿ ಕೂತಿದ್ದಳು. ತಲೆಯಿಂದ ಕೊಬ್ಬರಿ ಎಣ್ಣೆ ಹಣೆಗಿಳಿಯುತ್ತಿತ್ತು. ಬಸವರಾಜೇಶ್ವರಿ ಎಣ್ಣೆಯನ್ನು ನೋಡಿದರು, ಮೊಮ್ಮಗಳನ್ನು ನೋಡಿದರು. ಮೊಮ್ಮಗಳು ಅಜ್ಜಿಯ ಕಣ್ಣು ತಪ್ಪಿಸಿದಳು.

ಅಭ್ಯಾಸ ಮಾಡಿದ ಪಾಠವೆಲ್ಲ ರಶ್ಮಿಗೆ ಮರೆತೇಹೋಯಿತು. "ಸಿರಿ, ದುಶ್ಯಂತ್ ಅಂದ್ರೆ ನಾನೇ ಕಣೇ" ಎಂದುಬಿಟ್ಟಳು.

"ಗೊತ್ತು."

"ಗೊತ್ತಾ? ಯಾವಾಗಿಂದ?"

"ಎರಡನೇ ದಿನದಿಂದ. ನನ್ನ ಊಟದ ಬಾಕ್ಸಲ್ಲಿ ಬೆಂಡೆಕಾಯಿ ಪಲ್ಯ ಇತ್ತು ಅಂತ ಪ್ರಪಂಚದಲ್ಲಿ ಇಬ್ಬರಿಗೇ ಗೊತ್ತಿದ್ದಿದ್ದು. ಅದಕ್ಕೇ ಸೇರಿಸ್ಕೊಂಡೆ. ಇಲ್ದಿದ್ರೆ ಗುರುತಿಲ್ಲದವ್ರನ್ನ ಯಾರು ಸೇರಿಸ್ಕೊಳ್ತಾರೆ?"

ಬೆಳಗಿನಿಂದ ಕಾಡುತ್ತಿದ್ದ ಭಯ, ನಾಚಿಕೆ ಎಲ್ಲ ಸೇರಿ ರಶ್ಮಿಗೆ ಸಿಟ್ಟಾಗಿ ಬಂತು. "ಗೊತ್ತಿದ್ರೆ ನಂಗೇ ಹೇಳೋಕೇನಾಗಿತ್ತು? ಅವನಿಗ್ಯಾಕೆ ಹೇಳಿದ್ದು?"

ಸಿರಿ ಉಗುರು ನೋಡಿಕೊಂಡಳು. "ದುಶ್ಯಂತ್ ಬೈಯಲ್ಲ."

ರಶ್ಮಿ ಮಗಳ ಪಕ್ಕ ಕೂತಳು. ಇಪ್ಪತ್ತು ವರ್ಷದಿಂದ ನೂರಾರು ಮಕ್ಕಳ ಬಾಯಿ ಮುಚ್ಚಿಸಿದ್ದ ಟೀಚರಿನ ಕೈ ಮಗಳ ಎಣ್ಣೆ ತಲೆಯನ್ನು ಹುಡುಕಿಕೊಂಡು ಹೋಯಿತು.

ಬಸವರಾಜೇಶ್ವರಿ ಗಂಟಲು ಸರಿಮಾಡಿಕೊಂಡು, ಹಳೇ ಕೆಲಸದ ದನಿಯಲ್ಲಿ, "ಆಪರೇಟರ್ ಲೈನ್ ಮೇಲಿದ್ದಾಳೆ" ಎಂದರು. "ಸಿರಿ, ಆ ಗೇಮಿನವನು ಬರೆದದ್ದು ಎಲ್ಲ ಹಂಗೇ ಇದೆಯೇನೇ?"

"ಅಳಿಸಿಬಿಡೋಣ ಅಂತಿದ್ದೆ ಅಜ್ಜಿ."

"ಬೇಡ. ಅಳಿಸಿದ್ರೆ ಅವನಿಗೇ ಲಾಭ. ಅದೊಂದನ್ನ ಮಾತ್ರ ಅಮ್ಮನಿಗೆ ತೋರ್ಸು. ಉಳಿದದ್ದು ನಿಂದು, ಯಾರೂ ಮುಟ್ಟಲ್ಲ. ಫೋನ್ ನಿನ್ನ ಕೈಯಲ್ಲೇ ಇರ್ಲಿ."

ಸಿರಿ ತಾನೇ ತೆರೆದು ತೋರಿಸಿದಳು. ರಶ್ಮಿ ಹಲ್ಲು ಕಚ್ಚಿಕೊಂಡು ಓದಿದಳು, ಬೈಯಲಿಲ್ಲ. ಇಬ್ಬರೂ ಸೇರಿ ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಟ್ಟರು, ಆಮೇಲೆ ಅವನನ್ನು ಬ್ಲಾಕ್ ಮಾಡಿದರು. ಬಸವರಾಜೇಶ್ವರಿ ಮಕ್ಕಳ ಸಹಾಯವಾಣಿ ಹತ್ತು ಒಂಬತ್ತು ಎಂಟಕ್ಕೆ ಫೋನ್ ಹಚ್ಚಿ, ಎತ್ತಿದ ಹುಡುಗಿಗೆ "ದನಿ ಸ್ಪಷ್ಟವಾಗಿದೆಯಮ್ಮ, ಒಳ್ಳೆ ಆಪರೇಟರ್ ನೀನು" ಎಂದು ಮೊದಲು ಮೆಚ್ಚುಗೆ ಕೊಟ್ಟು ಆಮೇಲೆ ಸಿರಿಯ ಕೈಗಿತ್ತರು. ಸೋಮವಾರ ಮೂವರೂ ಸೈಬರ್ ಠಾಣೆಗೆ ಹೋಗುವುದೆಂದು ತೀರ್ಮಾನವಾಯಿತು.

"ದುಶ್ಯಂತನ್ನ ಡಿಲೀಟ್ ಮಾಡ್ತೀನಿ" ಎಂದಳು ರಶ್ಮಿ.

"ಇರ್ಲಿ ಬಿಡಮ್ಮ" ಎಂದಳು ಸಿರಿ. "ಬೈಗುಳ ಬೀಳೋ ಅಂಥ ವಿಷಯ ಇದ್ರೆ ಅವನಿಗೇ ಹೇಳ್ತೀನಿ. ಆದ್ರೆ ಎಣ್ಣೆ ವಿಷಯ ಕೇಳಬಾರ್ದು ಅಂತ ಹೇಳು."

ತಾಯಿ ನಕ್ಕಳು, ಮಗಳು ನಕ್ಕಳು, ನಗುನಗುತ್ತಲೇ ಇಬ್ಬರಿಗೂ ಅಳು ಬಂತು. ಸಿರಿ ಮೆಲ್ಲಗೆ ಏನೋ ಹೇಳತೊಡಗಿದಳು. ಬಸವರಾಜೇಶ್ವರಿಗೆ ಅದನ್ನು ಕೇಳುವ ಆಸೆ ಬಹಳ ಇತ್ತು. ಆದರೂ ಎದ್ದು ಅಡುಗೆಮನೆಗೆ ಹೋದರು, ಬಾಗಿಲು ಎಳೆದುಕೊಂಡರು. ಅದೂ ಸಾಲದೆಂದು ಮಿಕ್ಸಿಗೆ ಚಟ್ನಿ ಹಾಕಿ ತಿರುಗಿಸಿದರು. ಚಟ್ನಿ ನುಣ್ಣಗಾಯಿತು, ಬೇಕಾದ್ದಕ್ಕಿಂತ ಹೆಚ್ಚೇ ನುಣ್ಣಗಾಯಿತು. ಕೊನೆಗೆ ತಡೆಯಲಾರದೆ ಮಿಕ್ಸಿ ನಿಲ್ಲಿಸಿ, ಬಾಗಿಲು ತೆರೆಯದೆಯೇ ಕೂಗಿದರು.

"ಮೂರು ನಿಮಿಷ ಆಯ್ತು! ಮುಂದುವರಿಸ್ತೀರಾ?"

"ಮುಂದುವರಿಸ್ತೀವಿ!" ಎಂದು ಆಚೆಯಿಂದ ಎರಡು ದನಿ ಒಟ್ಟಿಗೇ ಬಂದವು.

ಆಪರೇಟರ್ ಮತ್ತೆ ಮಿಕ್ಸಿಯ ಗುಂಡಿ ತಿರುಗಿಸಿದಳು.