ವೀರಗಲ್ಲಿನ ವಿಳಾಸ

ಮಿಡಿಗೇಶಿ ಹತ್ತಿರದ ಹೊಲದಲ್ಲಿದ್ದ ಆ ವೀರಗಲ್ಲು ಇನ್ನಿಲ್ಲ ಕಣ್ರಪ್ಪಾ. ಇವತ್ತು ಬೆಳಿಗ್ಗೆ ಹೋಗಿ ನೋಡಿದರೆ ಆಳುದ್ದದ ಗುಂಡಿ, ಪಕ್ಕದಲ್ಲಿ ಮೂರು ಚೂರಾದ ಕಲ್ಲು. ಒಂದು ಚೂರಿನಲ್ಲಿ ವೀರನ ಕೈ, ಕೈಯಲ್ಲಿ ಕತ್ತಿ. ನಿಧಿಗಳ್ಳರ ಕೆಲಸ.

ಮಧುಗಿರಿ, ಪಾವಗಡ ಕಡೆಯ ಹಳೆಯ ಕಲ್ಲುಗಳ ಬಗ್ಗೆ ನಾನೊಂದು ವೆಬ್‌ಸೈಟ್ ನಡೆಸುವುದು ನಿಮಗೆ ಗೊತ್ತು. ಹುಡುಕುವವರಿಗೆ ಸುಲಭವಾಗಿ ಸಿಗಲೆಂದು ಪ್ರತಿ ಪುಟದ ಕೋಡಿನಲ್ಲಿ ಕಲ್ಲಿನ ಅಕ್ಷಾಂಶ, ರೇಖಾಂಶ ಸೇರಿಸಿದ್ದೆ. ಮೊಬೈಲಿನ ಮ್ಯಾಪು ನೇರ ಕಲ್ಲಿನ ಬುಡಕ್ಕೇ ಕರೆದೊಯ್ಯುತ್ತಿತ್ತು. ಅದರ ಬಗ್ಗೆ ಇಲ್ಲೇ ಜಂಬ ಕೊಚ್ಚಿಕೊಂಡಿದ್ದೆ, ನೀವೂ ಲೈಕ್ ಒತ್ತಿದ್ದಿರಿ.

ಅಲ್ಲೇ ಮೇಕೆ ಮೇಯಿಸುತ್ತಿದ್ದ ಈರಮ್ಮಜ್ಜಿಯನ್ನು ಕೇಳಿದೆ, "ಯಾರಾದ್ರೂ ಬಂದಿದ್ರಾ ಅಜ್ಜಿ?"

"ಮೊನ್ನೆ ಸಂಜೆ ನಾಕು ಜನ ಬಂದಿದ್ರು ಮೇಷ್ಟ್ರೇ. ಫೋನ್ ನೋಡ್ಕೊಂಡು ನೆಟ್ಟಗೆ ಬಂದ್ಬುಟ್ರು. ಯಾರ್ನೂ ದಾರಿ ಕೇಳ್ಲಿಲ್ಲ."

"ಕೇಳಿದ್ರೆ ಏನ್ಮಾಡ್ತಿದ್ದೆ?"

"ಮುಂಚೆ ಬಂದೋರೆಲ್ಲ ನನ್ನೇ ಕೇಳೋರು. ಗುದ್ದಲಿ ಗಿದ್ದಲಿ ಕಂಡ್ರೆ ಆಚೆ ಬೆಟ್ಟ ತೋರಿಸ್ಬುಡ್ತಿದ್ದೆ. ಹತ್ತಿ ಇಳಿಯೋದ್ರೊಳಗೆ ಸುಸ್ತಾಗಿ ವಾಪಸ್ ಹೋಗೋರು. ಇವ್ರಿಗೆ ಯಾರು ಹೇಳ್ಕೊಟ್ರೋ ಕಾಣೆ."



ಮನೆಗೆ ಬಂದು ಉಳಿದ ಕಲ್ಲುಗಳ ಸ್ಥಳವನ್ನೆಲ್ಲ ಅಳಿಸಿದೆ. ಕೋಡ್ ಪರೀಕ್ಷಿಸುವ ಸಾಫ್ಟ್‌ವೇರು ಪ್ರತಿ ಪುಟಕ್ಕೂ ಕೆಂಪಕ್ಷರದಲ್ಲಿ 'ಸ್ಥಳದ ಮಾಹಿತಿ ಇಲ್ಲ' ಎಂದು ತಗಾದೆ ತೆಗೆಯಿತು. ಒಡೆದ ಕಲ್ಲಿನ ಪುಟವನ್ನು ಮುಟ್ಟಿರಲಿಲ್ಲ. ಅದೊಂದಕ್ಕೆ ಮಾತ್ರ ಹಸಿರು ಗುರುತು. ಎಲ್ಲ ಸರಿಯಾಗಿದೆಯಂತೆ.